ಎರಡು ಮಳೆಗಾಲ ಕಂಡ ಗಿಟಾರು, ಎರಡು ಸ್ಯಾಡಲ್

ಈ ಅಕೌಸ್ಟಿಕ್ ಗಿಟಾರ್ ತಗೊಂಡು ಎರಡು ವರ್ಷ ಆಯ್ತು. ಕಾಫಿ ಮಾರಿದ ದುಡ್ಡಲ್ಲಿ ನಂಗೆ ಉಳಿದಿದ್ದು ಒಂಬತ್ತೂವರೆ ಸಾವಿರ, ಅಷ್ಟಕ್ಕೇ ಬಂದಿದ್ದು ಇದು. ಮರ ಯಾವ್ದು, ಸೈಜ್ ಎಷ್ಟು ಅನ್ನೋದೆಲ್ಲ ಈ ವಿಮರ್ಶೆಲಿ ಹೇಳಲ್ಲ, ನಾನು ಹೇಳೋದು ಆಕ್ಷನ್ ಬಗ್ಗೆ, ಅಂದ್ರೆ ನೆಕ್ (ಗಿಟಾರ್ ಕುತ್ತಿಗೆ) ಮೇಲಿನ ಲೋಹದ ಪಟ್ಟಿಗಳಾದ ಫ್ರೆಟ್‌ಗಿಂತ ತಂತಿ ಎಷ್ಟು ಮೇಲಿದೆ ಅಂತ.

ಮೊದಲ ಮೂರು ತಿಂಗಳು ಎಫ್ ಕಾರ್ಡ್ (ಒಂದೇ ಬೆರಳನ್ನ ಆರೂ ತಂತಿ ಮೇಲೆ ಅಡ್ಡ ಒತ್ತಿ ಹಿಡಿಯೋ ಸ್ವರಗುಂಪು) ಹಿಡಿಯೋಕಾಗ್ದೆ ಅಳು ಬರ್ತಿತ್ತು. ಎಲ್ರೂ ಪ್ರಾಕ್ಟೀಸ್ ಮಾಡು ಬೆರಳು ಗಟ್ಟಿಯಾಗುತ್ತೆ ಅಂದ್ರು, ಮಾಡ್ದೆ, ಆದ್ರೆ ಓಪನ್, ಅಂದ್ರೆ ಎಲ್ಲೂ ಒತ್ತದ ತಂತಿ ಟ್ಯೂನರಲ್ಲಿ ಸರಿ ತೋರಿಸಿ ಮೊದಲ ಫ್ರೆಟ್ ಒತ್ತಿದ ಕೂಡ್ಲೇ ಸ್ವರ ಮೇಲೇರಿ ಶಾರ್ಪ್ ಆಗ್ತಿತ್ತಲ್ಲ, ಅದು ಬೆರಳಿಂದ ಹೆಂಗಾಗುತ್ತೆ? ಒಂದಿನ ಮೊದಲ ಫ್ರೆಟ್‌ಗೆ ಕ್ಯಾಪೋ (ಆರೂ ತಂತಿ ಒತ್ತಿ ಹಿಡಿಯೋ ಕ್ಲಿಪ್) ಹಾಕಿ ಅದೇ ಶೇಪ್ ಹಿಡಿದೆ, ಸಲೀಸಾಗಿ ಬಂತು. ನೆಕ್ ತುದೀಲಿರೋ ನಟ್ ಅನ್ನೋ ಪಟ್ಟಿಲಿ ತಂತಿ ಕೂರೋ ಕಚ್ಚುಗಳನ್ನ ಸರಿಯಾಗಿ ಆಳ ಮಾಡ್ದೇನೇ ಕಳ್ಸಿದ್ರು! ಸ್ಟೀಲ್ ಸ್ಕೇಲಲ್ಲಿ 12ನೇ ಫ್ರೆಟ್ ಹತ್ರ ಅಳೆದ್ರೆ ದಪ್ಪ ತಂತಿ 3.5 ಮಿ.ಮೀ., ಇರ್ಬೇಕಾಗಿದ್ದು 2.5ರ ಆಸುಪಾಸು. ಅಂಗಡಿಯವ್ರನ್ನ ಕೇಳಿದ್ರೆ ಹೊಸ ಗಿಟಾರ್ ಹಂಗೇ ಇರುತ್ತೆ ಅಂದ್ರು. ಆ ಮಾತಿನ ಸಿಟ್ಟು ನಂಗಿನ್ನೂ ಹೋಗಿಲ್ಲ, ಕೈಲಾಗಲ್ಲ ಅಂದ್ಕೊಂಡು ಎಷ್ಟು ಮಕ್ಕಳು ಇದಕ್ಕೇ ಬಿಟ್ಟಿರ್ತಾರೋ.

ಚಿಕ್ಕಮಗಳೂರಲ್ಲಿ ಸೆಟಪ್ ಮಾಡೋರು ನಂಗೆ ಸಿಗ್ಲಿಲ್ಲ, ಬೆಂಗಳೂರಿಗೆ ಹೊತ್ಕೊಂಡು ಹೋಗೋಷ್ಟು ದುಡ್ಡಿರ್ಲಿಲ್ಲ. ಮೊದ್ಲು ಟ್ರಸ್ ರಾಡ್ (ನೆಕ್ ಒಳಗಿರೋ ಲೋಹದ ಕಡ್ಡಿ) ಕಾಲು ಸುತ್ತು ಬಿಗಿ ಮಾಡಿ ಒಂದು ರಾತ್ರಿ ಬಿಟ್ಟೆ, ನೆಕ್ ಬಾಗಿದ್ದು ಸರಿಹೋಯ್ತು. ನಟ್‌ಗೆ ಚಿನಿವಾರರ ಹತ್ರ ಸಣ್ಣ ಅರ ಕಡ ತಂದೆ, ಎರಡು ಸಲ ಉಜ್ಜೋದು, ತಂತಿ ಕೂರಿಸಿ ನೋಡೋದು, ಮತ್ತೆ ಉಜ್ಜೋದು, ಒಂದು ಉಜ್ಜು ಜಾಸ್ತಿ ಆದ್ರೂ ಓಪನ್ ತಂತಿ ಫ್ರೆಟ್‌ಗೆ ತಾಗಿ ಬಜ್ ಅನ್ನುತ್ತೆ. ಆಮೇಲೆ ಸ್ಯಾಡಲ್, ಅಂದ್ರೆ ಇನ್ನೊಂದು ತುದೀಲಿ ತಂತಿ ಕೂರೋ ಪುಟ್ಟ ಪಟ್ಟಿ, ಗಾಜಿನ ಮೇಲೆ ಸ್ಯಾಂಡ್ ಪೇಪರ್ ಹಾಸಿ ಅದರ ತಳ ಮಾತ್ರ ಉಜ್ಜಿದೆ. 12ನೇ ಫ್ರೆಟ್‌ನಲ್ಲಿ 1 ಮಿ.ಮೀ. ಇಳೀಬೇಕಂದ್ರೆ ಸ್ಯಾಡಲ್‌ನಿಂದ 2 ಮಿ.ಮೀ. ತೆಗೀಬೇಕು, ಇದು ಗೊತ್ತಿಲ್ದೇ ಮೊದಲ ದಿನ ಅರ್ಧಕ್ಕೇ ನಿಲ್ಲಿಸಿದ್ದೆ. ತಳ ಸಮ ಇಲ್ದಿದ್ರೆ ಸದ್ದೇ ಸತ್ತೋಗುತ್ತೆ, ಅದಕ್ಕೆ ಪೆನ್ಸಿಲ್ ಗೆರೆ ಬಿಡದೆ ಹೋದೆ. ತಂತಿನೂ 12ರ ಸೆಟ್ ತೆಗೆದು ಅದಕ್ಕಿಂತ ತೆಳು 11ರ ಸೆಟ್ ಹಾಕ್ದೆ. ಅವತ್ತು ಸಂಜೆ ಎಫ್ ಹಿಡಿದು ಆರೂ ತಂತಿ ಒಂದೊಂದಾಗಿ ಮೀಟಿದೆ, ಆರೂ ನುಡಿದ್ವು. ಅಮ್ಮ ಒಲೆ ಮುಂದಿಂದ ಎದ್ದು ಬಂದು ಕೇಳಿದ್ರು.

ಆಮೇಲೆ ಬಂತು ಆರಿದ್ರಾ ಮಳೆ. ಮಲೆನಾಡಲ್ಲಿ ಮರ ನೀರು ಕುಡಿಯುತ್ತೆ, ಟಾಪ್ (ಮುಂದಿನ ಹಲಗೆ) ಉಬ್ಬಿ ಸ್ಯಾಡಲ್ ಕೂರೋ ಬ್ರಿಡ್ಜ್ ಮೇಲೆದ್ದು ಆಕ್ಷನ್ ಮತ್ತೆ ಏರ್ತು. ಫೆಬ್ರವರಿಲಿ ಉಲ್ಟಾ, ಒಣಗಿ ಇಳಿದು ಬಜ್. ಕಾಫಿ ಬೀಜದ ತೇವಾಂಶನ ಮೀಟರ್ ಇಟ್ಟು ನೋಡೋ ಮನೇಲಿ ಗಿಟಾರ್‌ಗೆ ಯಾಕೆ ನೋಡ್ಬಾರ್ದು ಅಂತ ಕೇಸ್ ಒಳಗೆ ಗಾಳಿಯ ತೇವ ಅಳೆಯೋ ಪುಟ್ಟ ಹೈಗ್ರೋಮೀಟರ್ ಇಟ್ಟೆ, ಜೊತೆಗೆ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ. ತೇವಾಂಶ ಶೇ. 45ರಿಂದ 55 ಇದ್ರೆ ಚೆನ್ನ, ಜುಲೈಲಿ 80 ದಾಟುತ್ತೆ. ಈಗ ಮಳೆಗಾಲಕ್ಕೆ ಗಿಡ್ಡ ಸ್ಯಾಡಲ್, ಬೇಸಿಗೆಗೆ ಉದ್ದದ್ದು, ಎರಡು ಇಟ್ಕೊಂಡಿದೀನಿ.

ದಿನಾ ಸಂಜೆ ಕಾಫಿ ಲೋಟ ಕೆಳಗಿಟ್ಟು, ಹೈಗ್ರೋಮೀಟರ್ ಮುಳ್ಳು ನೋಡಿ, ಹಳೇ ಪಂಚೆ ತುಂಡಲ್ಲಿ ತಂತಿ ಒರೆಸಿ, ಟ್ಯೂನ್ ಮಾಡಿ ಕೂರ್ತೀನಿ. ಗಿಟಾರ್‌ಗೆ ನಾಲ್ಕು ಸ್ಟಾರ್, ಕಳ್ಸಿದ ರೀತಿಗೆ ಒಂದು. ತಗೊಳ್ಳೋರು ಅಂಗಡೀಲೇ ಕ್ಯಾಪೋ ಹಾಕಿ ಒಂದ್ಸಲ, ತೆಗೆದು ಒಂದ್ಸಲ ಎಫ್ ಹಿಡಿದು ನೋಡಿ.