ಶಿರಸಿ ಮಳೆಗೆ ಯಾವ ವಾರ್ನಿಶ್? ಬಾಗಿಲು, ಉಯ್ಯಾಲೆ, ಮೇಜಿನ ಮೇಲೆ ಹಲವು ವರ್ಷ ಬಳಸಿ ನೋಡಿದ್ದು

ಮರಕ್ಕೆ ಯಾವ ವಾರ್ನಿಶ್ ಹಾಕಿಸಲಿ ಅಂತ ಅಂಗಡಿಯಲ್ಲಿ ಕೇಳಿದರೆ ಈಗ ಬರುವ ಉತ್ತರ ಒಂದೇ: "ಪಿಯು ಹಾಕ್ಸಿ, ಗಟ್ಟಿ ಇರತ್ತೆ." ಪಿಯು ಅಂದರೆ ಪಾಲಿಯುರೆಥೇನ್, ಪ್ಲಾಸ್ಟಿಕ್‌ನಂಥ ಗಟ್ಟಿ ಪದರ ಕಟ್ಟುವ ಲೇಪ. ಗಟ್ಟಿ ಇರುವುದು ನಿಜ. ಆದರೆ ಬಿಸಿಲು ಮಳೆಗೆ ಒಡ್ಡಿಕೊಂಡ ಮರಕ್ಕೆ ಗಟ್ಟಿತನವೇ ತೊಂದರೆ ಆಗಬಹುದು. ನಮ್ಮ ಮನೆ ಇರುವುದು ಶಿರಸಿ ಹತ್ತಿರ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುತ್ತದೆ, ಏಪ್ರಿಲ್‌ನಲ್ಲಿ ಮರ ಬಿರಿಯುವಷ್ಟು ಒಣಗುತ್ತದೆ. ಸಾಗುವಾನಿಯ ಮುಂಬಾಗಿಲು, ಹೊನ್ನೆಯ ಕಿಟಕಿಗಳಿಗೆ ಎಣ್ಣೆ ಆಧಾರಿತ ಕ್ಲಿಯರ್ ವಾರ್ನಿಶ್ ಹಾಕಿದ್ದೇವೆ. ಜಗಲಿಯ ಹಲಸಿನ ಉಯ್ಯಾಲೆ ಮಣೆಗೆ ಅರಗಿನ ಪಾಲಿಶ್, ಊಟದ ಮೇಜಿಗೆ ಎರಡು ಡಬ್ಬಿ ಬೆರೆಸುವ ಪಿಯು. ಇದು ಕಂಪನಿಗಳ ವಿಮರ್ಶೆ ಅಲ್ಲ, ಈ ಮೂರು ಬಗೆಗಳ ವಿಮರ್ಶೆ.

ಮೊದಲು ಬಾಗಿಲು. ಎಣ್ಣೆ ವಾರ್ನಿಶ್ ಅಂದರೆ ಮೂಲದಲ್ಲಿ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯನ್ನು ರಾಳದ ಜೊತೆ ಕಾಯಿಸಿ, ಟರ್ಪೆಂಟೈನ್ ಹಾಕಿ ತೆಳುಮಾಡಿದ್ದು. ನಮ್ಮ ಘಟ್ಟದ ಧೂಪದ ಮರದ ರಾಳವನ್ನೂ ಹಿಂದೆ ಇದಕ್ಕೆ ಬಳಸುತ್ತಿದ್ದರು. ಬ್ರಿಟಿಷರು ಅದನ್ನು ಇಂಡಿಯನ್ ಕೋಪಾಲ್ ಅಂತಲೇ ಕರೆದರು. ಈಗಿನ ಡಬ್ಬಿಗಳಲ್ಲಿ ಇರುವುದು ಹೆಚ್ಚಾಗಿ ಆಲ್ಕಿಡ್. ಎಣ್ಣೆಯನ್ನೂ ಸೇರಿಸಿಕೊಂಡು ಕಾರ್ಖಾನೆಯಲ್ಲಿ ಮಾಡಿದ ರಾಳ ಅದು. ಇದರ ಗುಣ ಅರ್ಥವಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ಇದು ಬರೀ ಆವಿಯಾಗಿ ಒಣಗುವುದಿಲ್ಲ. ಮೊದಲು ಟರ್ಪೆಂಟೈನ್ ಹಾರಿಹೋಗುತ್ತದೆ. ಆಮೇಲೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಪದರವಾಗುತ್ತದೆ. ಅರ್ಧ ಖಾಲಿಯಾದ ಡಬ್ಬಿಯೊಳಗೆ ಕೆನೆ ಕಟ್ಟುವುದೂ ಇದೇ ಕಾರಣಕ್ಕೆ. ಉಳಿದದ್ದನ್ನು ಸಣ್ಣ ಡಬ್ಬಿಗೆ, ಕಂಠದವರೆಗೆ ತುಂಬಿಡಿ. ಜಾಸ್ತಿ ದಿನ ಬರುತ್ತದೆ.

ಸಾಗುವಾನಿಯಲ್ಲೇ ಎಣ್ಣೆಯಂಶ ಇದೆ. ಅದು ವಾರ್ನಿಶ್ ಒಣಗುವುದನ್ನು ತಡೆಯುತ್ತದೆ, ಹಿಡಿತವನ್ನೂ ಕಡಿಮೆ ಮಾಡುತ್ತದೆ. ಹಾಗಾಗಿ ಉಪ್ಪುಕಾಗದ ತಿಕ್ಕಿದ ಮೇಲೆ ಥಿನ್ನರ್ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಮೊದಲ ಕೋಟ್ ಹಾಕಬೇಕು. ನಮ್ಮ ಆಚಾರಿ ಆ ಕೋಟನ್ನು ತೆಳುಮಾಡಿ ಮರಕ್ಕೆ ಕುಡಿಸಿದರು. ಬಾಗಿಲನ್ನು ಕೂರಿಸುವ ಮೊದಲೇ ಅದರ ತಲೆ, ಬುಡ ಎರಡಕ್ಕೂ ಹಚ್ಚಿದರು. ಎಷ್ಟೋ ಮನೆಗಳಲ್ಲಿ ಈ ಎರಡು ಅಂಚು ಹಾಗೇ ಉಳಿದುಬಿಡುತ್ತವೆ, ಯಾರೂ ನೋಡಲ್ಲ ಅಲ್ವಾ! ನಿಲುವು ಪಟ್ಟಿಗಳ ಕಡಿದ ತುದಿಗಳು ಇರುವುದು ಅಲ್ಲೇ. ಮರ ಬೇರೆಲ್ಲ ಕಡೆಗಿಂತ ಹೆಚ್ಚು ನೀರು ಕುಡಿಯುವುದು ಅಲ್ಲಿಂದ. ನಮ್ಮ ಬಾಗಿಲು ಆಷಾಢದಲ್ಲೂ ಚೌಕಟ್ಟಿಗೆ ಕಚ್ಚಿಕೊಂಡಿಲ್ಲ. ಅದರ ಅರ್ಧ ಶ್ರೇಯಸ್ಸು ಈ ಕೆಲಸಕ್ಕೇ ಸಲ್ಲಬೇಕು.

ಇಷ್ಟು ವರ್ಷದಲ್ಲಿ ಕಂಡದ್ದು ಏನೆಂದರೆ, ವಾರ್ನಿಶ್‌ಗೆ ಮಳೆಗಿಂತ ಬಿಸಿಲೇ ದೊಡ್ಡ ಶತ್ರು. ಪಾರದರ್ಶಕ ಪದರದ ಮೂಲಕ ಅತಿನೇರಳೆ ಕಿರಣ ಒಳಗೆ ಇಳಿದು, ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಅನ್ನು ಒಡೆಯುತ್ತದೆ. ಅಂಟಿಕೊಳ್ಳಲು ಗಟ್ಟಿ ನೆಲೆ ಇಲ್ಲದಾಗ ಮೇಲಿನ ಪದರ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಕೊಳ್ಳುತ್ತದೆ. ಬಣ್ಣದ ಪೇಂಟ್ ಹೊರಗೆ ಜಾಸ್ತಿ ಬಾಳುವುದಕ್ಕೂ ಕಾರಣ ಇದೇ, ಅದರ ಪುಡಿ ಬೆಳಕನ್ನೇ ತಡೆಯುತ್ತದೆ. ನಮ್ಮಲ್ಲಿ ಪಶ್ಚಿಮದ ಕಿಟಕಿಗಳು ಮೊದಲು ಮಂಕಾದವು, ಉತ್ತರದವು ಇನ್ನೂ ಹೊಸದರಂತೆ ಇವೆ. ಮಳೆ ಬೀಳುವುದು ಎರಡೂ ಕಡೆ!

ಎಣ್ಣೆ ವಾರ್ನಿಶ್ ನನಗೆ ಇಷ್ಟವಾಗುವುದು ಇಲ್ಲಿಯೇ. ಅದು ಸ್ವಲ್ಪ ಬಾಗುತ್ತದೆ. ಮಳೆಗಾಲದಲ್ಲಿ ಮರ ಊದಿದಾಗ, ಬೇಸಿಗೆಯಲ್ಲಿ ಕುಗ್ಗಿದಾಗ ಜೊತೆಗೇ ಹೋಗುತ್ತದೆ. ಹೊಳಪು ಕಡಿಮೆಯಾಗಿದೆ, ನೀರು ಹನಿಯಾಗಿ ನಿಲ್ಲದೆ ಹರಡುತ್ತಿದೆ ಅನ್ನಿಸಿದಾಗ ದೀಪಾವಳಿ ಕಳೆದ ಮೇಲೆ ಒಂದು ಒಣ ವಾರ ನೋಡಿ, 320 ನಂಬರಿನ ಕಾಗದದಿಂದ ಹಗುರವಾಗಿ ತಿಕ್ಕಿ ಒಂದು ಕೋಟ್ ಹಚ್ಚಿದರೆ ಆಯಿತು. ಹಳೆಯದನ್ನು ಕೀಳುವ ಪ್ರಮೇಯವೇ ಬಂದಿಲ್ಲ. ನಮ್ಮ ನೆಂಟರ ಮನೆಯಲ್ಲಿ ಬಿಸಿಲು ಬೀಳುವ ಬಾಗಿಲಿಗೆ ಒಳಾಂಗಣದ ಪಿಯು ಹೊಡೆಸಿದ್ದರು. ಮೊದಲು ಕನ್ನಡಿಯೇ. ಆಮೇಲೆ ಒಂದು ಬಿರುಕಿನಿಂದ ನೀರು ಒಳಗೆ ಹೋಗಿ, ಪದರ ಹಾವಿನ ಪೊರೆಯಂತೆ ಎದ್ದು ಬಂತು. ಅದನ್ನು ಪೂರ್ತಿ ಕೆತ್ತಿ ತೆಗೆಯಲು ಆದ ಖರ್ಚು ಮೊದಲ ಖರ್ಚಿಗಿಂತ ಹೆಚ್ಚು. ಹೊರಗಿನ ಮರಕ್ಕೆಂದೇ ಅತಿನೇರಳೆ ತಡೆಯುವ ಪಿಯು ಸಿಗುತ್ತದೆ. ಹಾಕಿಸಲೇಬೇಕು ಅಂದರೆ ಅದನ್ನೇ ಕೇಳಿ.

ಉಯ್ಯಾಲೆ ಮಣೆಯ ಅರಗಿನ ಪಾಲಿಶ್ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಮುತ್ತುಗ, ಬೋರೆಯಂಥ ಮರಗಳ ಎಳೆ ಕೊಂಬೆಗಳಲ್ಲಿ ಅರಗಿನ ಹುಳ ರಸ ಹೀರಿ ಸುರಿಸುವ ರಾಳ ಇದು. ನಮ್ಮ ದೇಶದಲ್ಲಿ ಹೆಚ್ಚು ಬೆಳೆಯುವುದು ಜಾರ್ಖಂಡ್‌ನಲ್ಲಿ. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಆದರೆ ಅಲ್ಲಿ ನಮ್ಮ ಪಾಲಿಶ್‌ನಂತೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸುವುದಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅದು ಕರಗಿ ಹಿಡಿಯುತ್ತದೆ. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾರ್ಖಾನೆ ಕಟ್ಟಿಸಿದ್ದೂ ಅರಗಿನ ಹೆಸರಿನಲ್ಲೇ: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಈಗ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಬರುವುದು ಅಲ್ಲಿಂದ. ಹೆಸರಿನಲ್ಲಿರುವ ವಾರ್ನಿಶ್ ಮಾತ್ರ ಯಾರಿಗೂ ನೆನಪಾಗಲ್ಲ, ನನಗೆ ಅದೊಂದು ಬೇಸರ.

ಮಾಡಿಕೊಳ್ಳುವುದು ಸುಲಭ. ಅರಗಿನ ಚಕ್ಕೆ ಸುಮಾರು 150 ಗ್ರಾಂ, ಪಾಲಿಶ್ ಸ್ಪಿರಿಟ್ ಒಂದು ಲೀಟರ್. ರಾತ್ರಿ ನೆನೆಸಿ, ಮರುದಿನ ಸೋಸಿ, ಹತ್ತಿ ಸುತ್ತಿದ ಬಟ್ಟೆಯಲ್ಲಿ ತೆಳುವಾಗಿ ಎಳೆಯುತ್ತಾ ಹೋಗುವುದು. ಸ್ಪಿರಿಟ್ ಬೇಗ ಹಾರುವುದರಿಂದ ಒಂದೇ ದಿನದಲ್ಲಿ ಎಷ್ಟೋ ಪದರ ಆಗುತ್ತದೆ. ಹಲಸಿನ ಹಳದಿ ವರ್ಷ ಕಳೆದಂತೆ ಕಂದಾಗಿ, ಅದರ ಮೇಲೆ ಈ ಹೊಳಪು ಕೂತರೆ ನೋಡಲು ಬೇರೇನೂ ಬೇಡ. ಗೀರು ಬಿದ್ದರೆ ಅಲ್ಲಿಗಷ್ಟೇ ಹಚ್ಚಿದರೆ ಸಾಕು. ಹೊಸ ಸ್ಪಿರಿಟ್ ಹಳೆ ಅರಗನ್ನು ಕರಗಿಸಿ ಎರಡನ್ನೂ ಒಂದಾಗಿಸುತ್ತದೆ. ಅದರ ದೌರ್ಬಲ್ಯವೂ ಇದೇ. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ಸ್ಯಾನಿಟೈಸರ್ ಚೆಲ್ಲಿದರೆ ಪದರವೇ ಕರಗುತ್ತದೆ. ಮಳೆಗಾಲದಲ್ಲಿ ಹಚ್ಚಬೇಡಿ. ಸ್ಪಿರಿಟ್ ಹಾರುವಾಗ ಮರದ ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಬೆಳ್ಳಗೆ ಮಬ್ಬಾಗುತ್ತದೆ. ಕರಗಿಸಿಟ್ಟ ಪಾಲಿಶ್ ಹಳತಾದರೆ ಗಟ್ಟಿಯಾಗದೆ ಅಂಟಂಟಾಗೇ ಉಳಿಯುತ್ತದೆ. ಬೇಕಾದಷ್ಟೇ ಮಾಡಿಕೊಳ್ಳಿ.

ಊಟದ ಮೇಜಿನ ಪಿಯು ಬಗ್ಗೆ ದೂರಿಲ್ಲ. ಸಾರು, ಅರಿಸಿನ, ಒದ್ದೆ ತಟ್ಟೆ, ಮಕ್ಕಳ ಹೋಂವರ್ಕು, ಎಲ್ಲ ತಡೆದಿದೆ. ಮನೆಯೊಳಗೆ ಅದಕ್ಕೆ ಸಾಟಿ ಇಲ್ಲ.

ದೂರು ಇರುವುದು ಅದನ್ನು ಹೊಡೆಯುವ ರೀತಿಯ ಬಗ್ಗೆ. ನಮ್ಮಲ್ಲಿ ಸ್ಪ್ರೇ ಮಾಡಲು ಬಂದ ಹುಡುಗರಿಗೆ ಗುತ್ತಿಗೆದಾರ ಕೊಟ್ಟಿದ್ದು ಕರವಸ್ತ್ರ ಮಾತ್ರ. ನಾವು ಕೆಲಸ ನಿಲ್ಲಿಸಿ ಮಾಸ್ಕ್ ತರಿಸಿದ ಮೇಲೆಯೇ ಮುಂದುವರಿಸಿದೆವು. ಎರಡನೇ ಡಬ್ಬಿಯಲ್ಲಿರುವ ಗಟ್ಟಿಕಾರಕದಲ್ಲಿ ಐಸೋಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ಮಂಜು ಉಸಿರಿಗೆ ಹೋಗುತ್ತಿದ್ದರೆ ಅಸ್ತಮಾ ಬರಬಹುದು. ಒಮ್ಮೆ ಅಂಟಿಕೊಂಡರೆ ಆಮೇಲೆ ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತದೆ. ಧೂಳಿನ ಎನ್95 ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್, ಕನ್ನಡಕ, ಕೈಗವಸು ಬೇಕು. ಸ್ಪ್ರೇಗೆ ಹೊರಗಿನ ಗಾಳಿ ಕೊಡುವ ಮುಖಕವಚ ಇನ್ನೂ ಒಳ್ಳೆಯದು. ಅದರ ಖರ್ಚನ್ನು ಎಸ್ಟಿಮೇಟ್‌ನಲ್ಲೇ ಬರೆಸಿ, ಮನೆ ಯಜಮಾನರೇ ಕೇಳದಿದ್ದರೆ ಆ ಹುಡುಗರಿಗಾಗಿ ಇನ್ನು ಯಾರು ಕೇಳುತ್ತಾರೆ?

ಎಣ್ಣೆ ವಾರ್ನಿಶ್‌ನ ಅಪಾಯ ಬೇರೆ ಥರದ್ದು, ಅದು ಬಟ್ಟೆಯಲ್ಲಿದೆ. ಅಗಸೆ ಎಣ್ಣೆ ಅಥವಾ ಎಣ್ಣೆ ವಾರ್ನಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಆಮ್ಲಜನಕ ಹೀರುವಾಗ ಹುಟ್ಟುವ ಬಿಸಿ ಒಳಗೇ ಸೇರಿ, ಬೆಂಕಿಕಡ್ಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಪೂರ್ತಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ದ್ರಾವಕದ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಹಚ್ಚುವ ದಿನ ದೇವರ ದೀಪ, ಒಲೆ ಎರಡೂ ಆರಿರಲಿ. ಪಾಲಿಶ್ ಸ್ಪಿರಿಟ್‌ಗೆ ವಿಷದ ಮೆಥನಾಲ್ ಬೆರೆಸಿರುತ್ತಾರೆ, ಅದನ್ನು ನೀರಿನ ಬಾಟಲಿಗೆ ಎಂದೂ ತುಂಬಬೇಡಿ. ಹಳೆ ಮನೆಯ ಬಾಗಿಲು ತಿಕ್ಕುವವರು ಇನ್ನೊಂದು ಗಮನಿಸಿ. ಮನೆಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಬಣ್ಣವನ್ನು ಒಣಗಿದ್ದಾಗ ತಿಕ್ಕಬೇಡಿ, ಒದ್ದೆ ಮಾಡಿ ತಿಕ್ಕಿ. ಮಕ್ಕಳನ್ನು, ಬಸುರಿಯರನ್ನು ಆ ಕಡೆ ಬಿಡಬೇಡಿ.

ಕೊಳ್ಳುವಾಗ ಡಬ್ಬಿಯ ಮೇಲೆ ಒಳಗಿನದೋ ಹೊರಗಿನದೋ ಅಂತ ಓದಿ, ತಯಾರಾದ ತಿಂಗಳು ನೋಡಿ. ಒಂದು ಲೀಟರ್ ಒಂದು ಕೋಟ್‌ಗೆ ಸುಮಾರು ಹತ್ತು ಚದರ ಮೀಟರ್ ಬರುತ್ತದೆ. ಸಾಮಾನ್ಯ ಬಾಗಿಲಿನ ಎರಡೂ ಮೈಗೆ ಎರಡು ಕೋಟ್ ಆದ ಮೇಲೂ ಸ್ವಲ್ಪ ಉಳಿದೀತು. ಅದನ್ನು ಮುಂದಿನ ಕಾರ್ತಿಕಕ್ಕೆ ಇಟ್ಟುಕೊಳ್ಳಿ.