ಹಣ್ಣುನೊಣದ ಬಲೆ: ಮಾವಿನ ತೋಟದ ಜೇಡಗಳ ಲೆಕ್ಕದಲ್ಲಿ ಒಂದು ವಿಮರ್ಶೆ

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ಗೊಬ್ಬರದಂಗಡಿಗಳಲ್ಲಿ ಸಿಗುವ, ಮೀಥೈಲ್ ಯೂಜಿನಾಲ್ ಎಂಬ ವಾಸನೆಯ ಮದ್ದಿನಿಂದ ಹಣ್ಣುನೊಣವನ್ನು ಸೆಳೆಯುವ ಬಲೆಯಲ್ಲಿ ಹೆಚ್ಚೇನೂ ಇಲ್ಲ. ಬದಿಗೆ ತೂತಿರುವ ಪ್ಲಾಸ್ಟಿಕ್ ಡಬ್ಬಿ, ತೂಗುಹಾಕಲು ತಂತಿ, ಒಳಗೆ ಮದ್ದು ಹೀರಿದ ಮರದ ತುಂಡು. ಆ ವಾಸನೆಗೆ ಬರುವುದು ಗಂಡುನೊಣ ಮಾತ್ರ. ಗಂಡು ಕಡಿಮೆಯಾದರೆ ಹೆಣ್ಣಿಗೆ ಜೋಡಿ ಸಿಗದೆ ಕಾಯಿಗೆ ಮೊಟ್ಟೆ ಚುಚ್ಚುವುದು ಇಳಿಯುತ್ತದೆ. ನೊಣ ಹಿಡಿಯುವ ಕೆಲಸಕ್ಕೆ 5ಕ್ಕೆ 4 ಕೊಡಬಹುದು. ಆದರೆ ಇದರ ದೊಡ್ಡ ಲಾಭ ಡಬ್ಬಿಯೊಳಗೆ ಕಾಣುವುದಿಲ್ಲ. ಇದು ತಪ್ಪಿಸುವ ಕೊನೆಯ ಸಿಂಪಡಣೆಯಲ್ಲಿ ಅದು ಇದೆ.

ಕಾಯಿ ಬಲಿಯುವಾಗ ನೊಣಕ್ಕೆಂದು ಡೆಲ್ಟಾಮೆಥ್ರಿನ್ ಹೊಡೆಯುವುದು ಇಲ್ಲಿ ರೂಢಿ. ಕಾಯಿಯೊಳಗಿನ ಹುಳುವಿಗೆ ಅದು ತಲುಪುವುದೇ ಇಲ್ಲ. ಸಾಯುವುದು ಎಲೆಯ ಮೇಲೆ ಓಡಾಡುವ ಜೇಡಗಳು. ಡೆಲ್ಟಾಮೆಥ್ರಿನ್ ಸೇರಿದ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಅವಕ್ಕೆ ಬಹಳ ಕಠಿಣ. ಮಾವಿನಲ್ಲಿ ಬಲೆ ನೇಯದೆ ಹಾರಿ ಹಿಡಿಯುವ ಮುಳ್ಳುಗಾಲಿನ ಜೇಡ, ಜಿಗಿಯುವ ಜೇಡ ಇವೆರಡೂ ಹೂಗೊಂಚಲ ಮೇಲಿನ ಜಿಗಿಹುಳುವಿನ ಮರಿಗಳನ್ನು ತಿನ್ನುತ್ತವೆ. ಜಿಗಿಹುಳು ಎರಡು ಮೂರು ವಾರಕ್ಕೊಂದು ಪೀಳಿಗೆ ಎಬ್ಬಿಸುತ್ತದೆ. ಜೇಡ ಅಷ್ಟು ಬೇಗ ಹೆಚ್ಚುವ ಪ್ರಾಣಿಯಲ್ಲ. ಆದ್ದರಿಂದ ಜೂನ್‌ನಲ್ಲಿ ಮಾಡಿದ ಪೆಟ್ಟಿನ ಫಲ ಜನವರಿಯ ಹೂವಿನಲ್ಲಿ ಜಿಗಿಹುಳು ಸುರಿಸುವ ಅಂಟಾಗಿ, ಅದರ ಮೇಲೆ ಬೆಳೆಯುವ ಕಪ್ಪು ಬೂಷ್ಟಾಗಿ ಕಾಣುತ್ತದೆ. ಇನ್ನೊಂದು ಕಡೆ, ಹಣ್ಣುನೊಣವನ್ನು ಜೇಡ ತಡೆಯುತ್ತದೆಂದು ನಂಬಿ ಕೂರಬೇಡಿ. ಆ ಕೆಲಸ ಬಲೆಯದೇ.

ಹಾಕುವ ಕ್ರಮ ಹೀಗೆ: ಎಕರೆಗೆ ಸುಮಾರು 8 ಬಲೆ, ಐದಾರು ಅಡಿ ಎತ್ತರದಲ್ಲಿ, ನೆರಳಿನ ಕೊಂಬೆಗೆ. ಬಿಸಿಲಿಗೆ ನೇತುಹಾಕಿದರೆ ಮದ್ದು ಬೇಗ ಆವಿಯಾಗುತ್ತದೆ. ತೂತಿನ ಮುಂದೆ ಎಲೆ ಅಡ್ಡ ಬಂದರೆ ನೊಣ ಒಳಗೆ ಹೋಗುವುದಿಲ್ಲ. ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಮುಂಚೆ ಹಾಕಬೇಕು. ಅಂಗಡಿಗೆ ಏಪ್ರಿಲ್‌ನಲ್ಲಿ ಮಾಲು ಬಂದಾಗ ಕೊಂಡರೆ ತೋತಾಪುರಿಗೆ ಸರಿ, ಮುಂಚೆ ಹಣ್ಣಾಗುವ ಸೇಂದೂರಕ್ಕೆ ತಡ. ಎರಡು ಮೂರು ತಿಂಗಳಿಗೆ ತುಂಡು ಬದಲಿಸಿ. ವಾರಕ್ಕೊಮ್ಮೆ ಸತ್ತ ನೊಣ ಸುರಿಯದಿದ್ದರೆ ಇರುವೆ ಸಾಲು ಹಿಡಿಯುತ್ತದೆ. ತೂತಿಗೆ ಜೇಡ ನೂಲು ಕಟ್ಟಿದ್ದರೆ ಕಡ್ಡಿಯಿಂದ ಪಕ್ಕದ ಕೊಂಬೆಗೆ ಸಾಗಿಸಿ, ಕೊಲ್ಲಬೇಡಿ. ತುಂಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅದರಲ್ಲಿ ಕೀಟನಾಶಕ ಇರುತ್ತದೆ. ಮನೆಯಲ್ಲೇ ಮಾಡುವವರು ಆಲ್ಕೋಹಾಲ್, ಮೀಥೈಲ್ ಯೂಜಿನಾಲ್, ಮೆಲಾಥಿಯಾನ್ ಇವನ್ನು 6:4:1ರಲ್ಲಿ ಬೆರೆಸಿ ತುಂಡನ್ನು ನೆನೆಸುತ್ತಾರೆ.

ಬಲೆ ಸೋಲುವುದೂ ಇದೆ. ಮಾಗಿ ಬಿದ್ದ ಹಣ್ಣು ತೋಟದಲ್ಲೇ ಕೊಳೆತರೆ ಅದರಿಂದ ಹೊಸ ನೊಣ ಹೊರಬರುತ್ತಲೇ ಇರುತ್ತದೆ. ಅದನ್ನು ದಿನವೂ ಆರಿಸಿ ಎರಡಡಿ ಆಳದಲ್ಲಿ ಹೂಳಬೇಕು. ಪಕ್ಕದ ತೋಟದವರು ಹಾಕದಿದ್ದರೆ ಅಲ್ಲಿಂದ ಗಬ್ಬವಾದ ಹೆಣ್ಣುನೊಣ ಬರುತ್ತದೆ, ಅದಕ್ಕೆ ಈ ವಾಸನೆ ಬೇಡ. ಊರೊಟ್ಟಿಗೆ ಹಾಕಿದರೇ ಪೂರ್ತಿ ಫಲ.

ಜಿಗಿಹುಳುವಿಗೆ ಬಲೆ ಏನೂ ಮಾಡದು. ಅದಕ್ಕಾಗಿ ಹೂವಿನ ಕಾಲದಲ್ಲಿ ಬೆಳಿಗ್ಗೆ ಬಿಸಿಲೇರುವ ಮುಂಚೆ ಕೊಂಬೆಯ ಕೆಳಗೆ ಬಿಳಿ ಬಟ್ಟೆ ಅಥವಾ ಮಗುಚಿದ ಕೊಡೆ ಹಿಡಿದು, ಕೋಲಿನಿಂದ ಮೂರು ಸಲ ತಟ್ಟಿ ಬಿದ್ದ ಜೇಡಗಳನ್ನು ಎಣಿಸಿ. ಐದಾರು ಮರಗಳಲ್ಲಿ ಹೀಗೆ ನೋಡಿದರೆ ತೋಟದ ಸ್ಥಿತಿ ಗೊತ್ತಾಗುತ್ತದೆ. ಜೇಡ ಚೆನ್ನಾಗಿದ್ದು ಹುಳು ಕಡಿಮೆಯಿದ್ದರೆ ಪಂಪು ಕೆಳಗಿಡಿ. ಹೊಡೆಯಲೇಬೇಕಾದರೆ ಬೇವಿನ ಅಜಾಡಿರಾಕ್ಟಿನ್ ಮೊದಲು, ಪೈರೆಥ್ರಾಯ್ಡ್ ಕೊನೆಗೆ. ಬುಡದ ಹುಲ್ಲು, ತರಗೆಲೆ ಪೂರ್ತಿ ಗುಡಿಸಿ ಕಳೆನಾಶಕ ಹೊಡೆದ ತೋಟದಲ್ಲಿ ನೆಲದ ಜೇಡಗಳಿಗೆ ಅಡಗಲು ಜಾಗವಿಲ್ಲ. ಸಾಲುಗಳ ನಡುವೆ ಒಂದು ಪಟ್ಟಿಯಷ್ಟಾದರೂ ಬಿಡಿ.

ಕೊಳ್ಳುವಾಗ ಡಬ್ಬಿಯ ಅಂದ ನೋಡಬೇಡಿ. ತುಂಡು ಗಾಳಿಯಾಡದ ಚೀಲದಲ್ಲಿದೆಯೇ, ತಯಾರಾದ ದಿನಾಂಕ ಇದೆಯೇ ನೋಡಿ. ಸೋರೆ, ಹಾಗಲಕ್ಕೆ ಮಾರುವ ಕ್ಯೂಲ್ಯೂರ್ ತುಂಡು ಬೇರೆ ನೊಣದ್ದು, ಮಾವಿಗೆ ಪ್ರಯೋಜನವಿಲ್ಲ. ಹಳೆ ಡಬ್ಬಿ ಒಡೆದಿಲ್ಲದಿದ್ದರೆ ಮುಂದಿನ ವರ್ಷ ತುಂಡು ಮಾತ್ರ ಕೊಂಡರೆ ಸಾಕು.