ಕಲಬುರಗಿಯಲ್ಲಿ ಲೂಯಿ ಕುರ್ಚಿ: ಶಹಾಬಜಾರ್ ಕಡೆಯ ಹಳೆ ಫರ್ನಿಚರ್ ಅಂಗಡಿ

ಹಳೆ ಫರ್ನಿಚರ್ ಅಂದ್ರೆ ಪ್ರಾಣ ಅನ್ನುವವರು ಈ ಅಂಗಡಿಗೆ ಒಮ್ಮೆ ಹೋಗಲೇಬೇಕು. ಬೋರ್ಡ್ ಇಲ್ಲ. ಹೊರಗೆ ಮಂಚದ ಕಾಲು, ಬಾಗಿಲ ಚೌಕಟ್ಟು ಒರಗಿಸಿಟ್ಟಿರುತ್ತಾರೆ, ಅದೇ ಗುರುತು. ಹೈದರಾಬಾದಿನ ಹವೇಲಿಗಳು, ನಮ್ಮ ಕಡೆಯ ವಾಡೆಗಳು ಖಾಲಿಯಾದಾಗ ಬಂದ ಸಾಮಾನು ಇಲ್ಲಿ ಸಿಗುತ್ತದೆ. ಫ್ರೆಂಚ್ ಮಾದರಿಯ ಒಂದು ಜೋಡಿ ಕುರ್ಚಿ ಬಂದಿದೆ ಅಂತ ಕೇಳಿ ನಾನು ಹೋಗಿದ್ದೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಪಾಲಿಶ್‌ಗೆ, ಅದನ್ನು ಆಮೇಲೆ ಹೇಳ್ತೀನಿ.

ಕುರ್ಚಿಯ ಬೆನ್ನು ಮೊಟ್ಟೆಯಾಕಾರ. ಕಾಲು ನೇರ, ಕೆಳಗೆ ಹೋಗ್ತಾ ಸಣ್ಣಗಾಗುತ್ತದೆ, ಉದ್ದಕ್ಕೂ ಸಾಲು ಸಾಲಾಗಿ ಗೀರು ತೋಡಿದ್ದಾರೆ. ಕಾಲು ಸೀಟಿಗೆ ಸೇರುವಲ್ಲಿ ಒಂದು ಚೌಕ, ಅದರೊಳಗೆ ಒಂದು ಹೂವು. ಇಷ್ಟಿದ್ದರೆ ಅದು ಫ್ರಾನ್ಸಿನ ರಾಜ ಹದಿನಾರನೇ ಲೂಯಿ ಹೆಸರಿನ ಶೈಲಿ. ಅವನು ಆಳಿದ್ದು 1774ರಿಂದ 1792ರವರೆಗೆ, ಆದರೆ ಶೈಲಿ ಅವನಿಗಿಂತ ಮೊದಲೇ ಹುಟ್ಟಿತ್ತು. ಇಟಲಿಯಲ್ಲಿ 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪಾಂಪೇ ಅಗೆಯೋಕೆ ಶುರು ಮಾಡಿದ್ರು. ಜ್ವಾಲಾಮುಖಿಯ ಬೂದಿಯಡಿ ಹೂತಿದ್ದ ಈ ಊರುಗಳ ರೋಮನ್ ಮನೆಗಳು ಎದ್ದು ಬಂದವು. ಹದಿನೈದನೇ ಲೂಯಿ ಕಾಲದ ಬಳುಕುವ ಕಾಲು, ಚಿಪ್ಪಿನ ಕೆತ್ತನೆ ನೋಡಿ ನೋಡಿ ಸಾಕಾಗಿದ್ದ ಪ್ಯಾರಿಸ್ ಜನಕ್ಕೆ ಹಳೇ ಗುಡಿಯ ಕಂಬ, ಹೂಮಾಲೆ, ನೇರ ಗೆರೆ ಹಿಡಿಸಿಬಿಟ್ಟವು. ಈ ಕುರ್ಚಿಯ ಕಾಲಿನ ಗೀರು ಆ ಕಂಬದ್ದೇ.

ಆ ಕಾಲದ ಪ್ಯಾರಿಸ್‌ನಲ್ಲಿ ಕುರ್ಚಿ ಮಾಡುವ ಬಡಿಗೇರರು ಬೇರೆ, ತೆಳ್ಳನೆಯ ಮರದ ಪದರ ಅಂಟಿಸಿ ಮೇಜು, ಕಪಾಟು ಮಾಡುವವರು ಬೇರೆ. ಕುರ್ಚಿಯಲ್ಲಿ ಜಾರ್ಜ್ ಜಾಕೋಬ್ ದೊಡ್ಡ ಹೆಸರು, ಮೇಜಿನಲ್ಲಿ ಜರ್ಮನಿಯಿಂದ ಬಂದ ರೀಸೆನರ್. ಪ್ಯಾರಿಸ್ ಹತ್ತಿರದ ವರ್ಸೈಲ್ಸ್ ಅರಮನೆಯ ರಾಜನ ಮೇಜು ಇದೆಯಲ್ಲ, ಅದನ್ನು 1760ರಲ್ಲಿ ಓಬೆನ್ ಅನ್ನೋ ಮೇಜಿನ ಕುಶಲಕರ್ಮಿ ಶುರು ಮಾಡಿದ, ಅವನು ತೀರಿಕೊಂಡ ಮೇಲೆ 1769ರಲ್ಲಿ ರೀಸೆನರ್ ಮುಗಿಸಿದ. ಬಣ್ಣಬಣ್ಣದ ಮರದ ಚೂರು ಕತ್ತರಿಸಿ ಅಂಟಿಸಿ ಹೂವು ಬಳ್ಳಿ ಮೂಡಿಸಿದ್ದಾರೆ. ನಮ್ಮ ಬೀದರಿನ ಬಿದರಿ ಕೆಲಸ ಹತ್ತಿರದಿಂದ ನೋಡಿದವರಿಗೆ ಇದರ ಹಿಂದಿನ ತಾಳ್ಮೆ ಥಟ್ಟನೆ ಅರ್ಥವಾಗುತ್ತದೆ. ಫ್ರೆಂಚ್ ಕ್ರಾಂತಿಯಾದ ಮೇಲೆ 1793–94ರಲ್ಲಿ ವರ್ಸೈಲ್ಸ್ ಸಾಮಾನನ್ನು ಹರಾಜು ಹಾಕಿದರು. 17,000ಕ್ಕೂ ಜಾಸ್ತಿ ಲಾಟ್, ಅಂದ್ರೆ ಒಂದೊಂದಾಗಿ ಕೂಗಿ ಮಾರಿದ ಕಂತು! ಅಂಥ ಕೆಲಸ ಹಾಗೆ ಚೆದುರಿಹೋಯಿತು ಅಂದ್ರೆ ಹೊಟ್ಟೆ ಉರಿಯುತ್ತದೆ.

ಈಗ ಅಂಗಡಿಗೆ ಬರೋಣ. ಈ ಜೋಡಿ ಅಸಲಿ ಫ್ರೆಂಚ್ ಅಲ್ಲ. ನಾನು ಕೇಳುವ ಮೊದಲೇ ಅಂಗಡಿಯ ಚಾಚಾ ಅದನ್ನು ಹೇಳಿದರು: "ಇದು ಫ್ರಾನ್ಸ್‌ದು ಅಲ್ರಿ ಸರ್, ಹೈದರಾಬಾದ್‌ನಾಗ ಮಾಡಿದ್ದು." ಆಮೇಲೆ ಕುರ್ಚಿ ತಲೆಕೆಳಗೆ ಮಾಡಿ ತೋರಿಸಿದರು. ಅಡಿಯಲ್ಲಿ ಸಾಗವಾನಿ. ಫ್ರಾನ್ಸಿನವರು ಕುರ್ಚಿಗೆ ಹೆಚ್ಚಾಗಿ ಬೀಚ್ ಇಲ್ಲಾ ವಾಲ್‌ನಟ್ ಮರ ಬಳಸುತ್ತಿದ್ದರು. ಸೀಟಿನ ಒಳಪಟ್ಟಿಯ ಮೇಲೆ ಬಿಲ್ಲಿನ ಹಾಗೆ ಬಾಗಿದ ಗರಗಸದ ಗುರುತು ಇದೆ, ಅಂದ್ರೆ ಮಷೀನಿನ ದುಂಡು ಗರಗಸದಲ್ಲಿ ಕೊಯ್ದ ಹಲಗೆ, ಲೂಯಿ ಕಾಲದ್ದಲ್ಲ. ಕೆತ್ತನೆ ಮಾತ್ರ ಪೂರ್ತಿ ಕೈಕೆಲಸ. ಒಂದೊಂದು ಚೌಕದ ಹೂವಿನ ಎಸಳು ಒಂದೊಂದು ಥರ, ಒಂದರಲ್ಲಿ ಉಳಿ ಸ್ವಲ್ಪ ಜಾರಿದ ಗೀಟು ಹಾಗೇ ಉಳಿದಿದೆ. ನಾನು ಮನಸೋತಿದ್ದು ಅಲ್ಲೇ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ನೋಡಿದವರಿಗೆ ಅಲ್ಲಿನ ಶ್ರೀಮಂತರ ಫ್ರೆಂಚ್ ರುಚಿ ಗೊತ್ತಿರುತ್ತದೆ. 1948ರವರೆಗೆ ಕಲಬುರಗಿಯೂ ನಿಜಾಮರ ರಾಜ್ಯದಲ್ಲೇ ಇತ್ತಲ್ವಾ, ಹಾಗಾಗಿ ಇವು ನಮ್ಮ ಊರಿಗೆ ಹೊರಗಿನವಲ್ಲ.

ಚಾಚಾ ಅವರ ಈ ಪ್ರಾಮಾಣಿಕತೆಗೇ ನಾನು ದುಡ್ಡು ಕೊಟ್ಟಿದ್ದು. ಇದಕ್ಕೆ ಮೊದಲು ಆನ್‌ಲೈನ್‌ನಲ್ಲಿ ಒಬ್ಬರು "ಅಸಲಿ, 250 ವರ್ಷ ಹಳೇದು" ಅಂತ ಫೋಟೋ ಕಳಿಸಿ ಲಕ್ಷಗಟ್ಟಲೆ ಕೇಳಿದ್ದರು. ಜೂಮ್ ಮಾಡಿದರೆ ಒಳಗೆಲ್ಲ ಪ್ಲಸ್ ತಲೆಯ ಸ್ಕ್ರೂ. ಅಂಥ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ. ರಿಪೇರಿಗೆ ಹಾಕಿದ್ದು ಅನ್ನೋಕೆ ಒಂದೆರಡು ಇದ್ದರೆ ಸರಿ, ಎಲ್ಲ ಜೋಡಣೆಯಲ್ಲೂ ಅದೇ ಇದ್ದರೆ ಹೇಗೆ? ಹಳೇ ಪ್ಯಾರಿಸ್ ಕುರ್ಚಿಯಲ್ಲಿ ಮರದ ಬೆಣೆ ಇರುತ್ತದೆ, ಪಟ್ಟಿಯ ಅಡಿಯಲ್ಲಿ ಮಾಡಿದವನ ಹೆಸರಿನ ಮುದ್ರೆಯೂ ಇರಬಹುದು. ಮುದ್ರೆ ನೋಡಿದ ಕೂಡಲೇ ನಂಬಬೇಡಿ, ಅದನ್ನೂ ನಕಲು ಹೊಡೆಯುತ್ತಾರೆ.

ಇನ್ನು ಪಾಲಿಶ್ ವಿಷಯ. ಇಲ್ಲಿ ಎಲ್ಲದಕ್ಕೂ ಮೆಲಮೈನ್, ಅಂದ್ರೆ ದಪ್ಪ ಪದರ ಕಟ್ಟುವ ರಾಸಾಯನಿಕ ಪಾಲಿಶ್, ಸ್ಪ್ರೇ ಹೊಡೆಯುತ್ತಾರೆ. ಕಾಲಿನ ಗೀರುಗಳ ಒಳಗೆ ಅದು ತುಂಬಿಕೊಂಡು ಅಂಚು ಮೊಂಡಾಗುತ್ತದೆ, ಎಸಳಿನ ಚೂಪು ಹೋಗುತ್ತದೆ, ಕಷ್ಟಪಟ್ಟು ಕೆತ್ತಿದ್ದೆಲ್ಲ ಪ್ಲಾಸ್ಟಿಕ್ ಥರ ಮಿಂಚುತ್ತದೆ. ದಯವಿಟ್ಟು ಬೇಡ ಅನ್ನಿ. ಚಪಡಾವನ್ನು (ಅರಗಿನ ಚಕ್ಕೆ) ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಿಂದ ತೆಳ್ಳಗೆ ಉಜ್ಜಿ ಕೊಡಿ ಅಂತ ಕೇಳಿದರೆ ಮಿಸ್ತ್ರಿ ಮಾಡಿಕೊಡುತ್ತಾರೆ, ಕೈ ಚೆನ್ನಾಗಿದೆ, ಟೈಮ್ ಮಾತ್ರ ಜಾಸ್ತಿ ಹಿಡಿಯುತ್ತದೆ. ಮುಂದೆ ಕಲೆ ಬಿದ್ದರೂ ಅಷ್ಟೇ ಜಾಗವನ್ನು ಸರಿ ಮಾಡಬಹುದು.

ಜೋಡಿಗೆ 22,000 ಹೇಳಿದ್ದರು, 19,000ಕ್ಕೆ ಕೊಟ್ಟರು. ಬೆತ್ತ ಹೆಣೆಯೋದಕ್ಕೆ ಬೇರೆ ದುಡ್ಡು. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ. ಅದೇ ಶೈಲಿಯ, ಗೋಡೆಗೆ ಒತ್ತಿ ಇಡುವ ಒಂದು ಅರ್ಧಚಂದ್ರ ಮೇಜು ಇನ್ನೂ ಅಲ್ಲೇ ಇದೆ. ಹಿಂದಿನ ಒಂದು ಕಾಲಿಗೆ ಹುಳ ಬಿದ್ದಿದೆ, ಅದನ್ನು ತೋರಿಸಿ ರೇಟು ಇಳಿಸಿಕೊಳ್ಳಿ.